ಬಂದೂಕುಗಳ ಲೋಕದ ಅಪರೂಪದ ನಾಯಕಿ ನಿಕೊಲೆಟ್ಟಾ ಮಾಕಿಯಾವೆಲ್ಲಿ

ಸ್ಪಾಘೆಟ್ಟಿ ವೆಸ್ಟರ್ನ್ ಎಂದೊಡನೆ ಚಿತ್ರರಸಿಕರ ಕಣ್ಮುಂದೆ ಸುಳಿಯುವುದು ತುಟಿಯಂಚಿನಲ್ಲಿ ಚುಟ್ಟಾ ಕಚ್ಚಿದ ಕ್ಲಿಂಟ್ ಈಸ್ಟ್‌ವುಡ್. ಕಿವಿಯಲ್ಲಿ ಅನುರಣಿಸುವುದು ಎನ್ನಿಯೋ ಮೊರಿಕೋನೆ ಅವರ ಸಂಗೀತ. ಈ ಚಿತ್ರಗಳ ನಾಯಕಿಯರು ಯಾರೆಂದು ಕೇಳಿದರೆ ಹೆಚ್ಚಿನವರು ಕ್ಲಾಡಿಯಾ ಕಾರ್ಡಿನಾಲೆ ಒಬ್ಬರನ್ನು ಹೆಸರಿಸಿ ಸುಮ್ಮನಾಗುತ್ತಾರೆ. ಇದಕ್ಕೆ ಪ್ರೇಕ್ಷಕರ ಮರೆವೊಂದೇ ಕಾರಣವಲ್ಲ. ಆ ಚಿತ್ರಗಳು ಹುಟ್ಟಿದ ರೀತಿಯೇ ಹೆಣ್ಣಿಗೆ ಹೆಚ್ಚಿನ ಜಾಗ ಬಿಟ್ಟಿರಲಿಲ್ಲ. 1966ರಿಂದ 1969ರ ಅವಧಿಯಲ್ಲಿ ಇಂತಹ ಹಲವು ಚಿತ್ರಗಳಲ್ಲಿ ಕಾಣಿಸಿಕೊಂಡ ಇಟಲಿಯ ನಟಿ ನಿಕೊಲೆಟ್ಟಾ ಮಾಕಿಯಾವೆಲ್ಲಿ ಅವರ ವೃತ್ತಿಜೀವನ ಈ ಮಾತಿಗೆ ನಿದರ್ಶನ.

ರೋಮ್‌ನಲ್ಲಿ ಹುಟ್ಟಿದ ಅಮೆರಿಕ

1964ರಲ್ಲಿ ಸೆರ್ಜಿಯೋ ಲಿಯೋನೆ ನಿರ್ದೇಶನದ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ಅಪಾರ ಯಶಸ್ಸು ಗಳಿಸಿತು. ಅದರ ಬೆನ್ನಿಗೇ ಇಟಲಿಯ ನಿರ್ಮಾಪಕರು ಅಗ್ಗದ ವೆಚ್ಚದ ಕೌಬಾಯ್ ಚಿತ್ರಗಳ ಸರಣಿಯನ್ನೇ ಆರಂಭಿಸಿದರು. ಕಥೆ ನಡೆಯುವುದು ಅಮೆರಿಕ-ಮೆಕ್ಸಿಕೊ ಗಡಿಯಲ್ಲಿ. ಚಿತ್ರೀಕರಣ ರೋಮ್‌ನ ಸ್ಟುಡಿಯೋಗಳಲ್ಲಿ ಹಾಗೂ ಸ್ಪೇನ್‌ನ ಅಲ್ಮೇರಿಯಾ ಪ್ರಾಂತ್ಯದ ಬರಡು ನೆಲದಲ್ಲಿ. ವಿಮರ್ಶಕರು ತಾತ್ಸಾರದಿಂದ ಬಳಸಿದ 'ಸ್ಪಾಘೆಟ್ಟಿ' ಎಂಬ ವಿಶೇಷಣವೇ ಮುಂದೆ ಆ ಪ್ರಕಾರದ ಹೆಸರಾಗಿ ಉಳಿಯಿತು.

ಸಣ್ಣ ಊರುಗಳ ಅಗ್ಗದ ದರದ ಚಿತ್ರಮಂದಿರಗಳು ಈ ಚಿತ್ರಗಳ ದೊಡ್ಡ ಮಾರುಕಟ್ಟೆಯಾಗಿದ್ದವು. ಅಲ್ಲಿ ನೆರೆಯುತ್ತಿದ್ದವರಲ್ಲಿ ಗಂಡಸರೇ ಅಧಿಕ. ಅವರ ಅಭಿರುಚಿಗೆ ತಕ್ಕಂತೆ ಹಣ, ಸೇಡು ಮತ್ತು ಗುಂಡಿನ ಕಾಳಗಗಳೇ ಕಥಾವಸ್ತುಗಳಾದವು. ಹೆಣ್ಣಿಗೆ ದಕ್ಕಿದ್ದು ಒತ್ತೆಯಾಳು, ವಿಧವೆ ಅಥವಾ ಸಲೂನಿನ ನರ್ತಕಿಯ ಪಾತ್ರ. ಸುಮಾರು ಮೂರು ಗಂಟೆಗಳ 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ' (1966) ಚಿತ್ರದಲ್ಲಿ ಗಣನೀಯ ಸ್ತ್ರೀ ಪಾತ್ರವೇ ಇಲ್ಲ.

ಸೇವಕಿಯಿಂದ ಜೂಜುಗಾರ್ತಿಯವರೆಗೆ

ಮಾಕಿಯಾವೆಲ್ಲಿ ಜನಿಸಿದ್ದು 1944ರಲ್ಲಿ. 'ದಿ ಪ್ರಿನ್ಸ್' ಗ್ರಂಥದ ಕರ್ತೃ, ರಾಜನೀತಿಜ್ಞ ಮಾಕಿಯಾವೆಲ್ಲಿಯ ವಂಶದವರೆಂದು ಅವರನ್ನು ಪರಿಚಯಿಸಲಾಗುತ್ತಿತ್ತು. ಇಟಲಿಯ ಅನೇಕ ಕಲಾವಿದರು ಅಮೆರಿಕನ್ನರಂತೆ ತೋರಲು ಹೆಸರು ಬದಲಿಸಿಕೊಳ್ಳುತ್ತಿದ್ದ ಕಾಲವದು. ಸ್ವತಃ ಲಿಯೋನೆ ಕೂಡ ಮೊದಲು 'ಬಾಬ್ ರಾಬರ್ಟ್‌ಸನ್' ಆಗಿದ್ದರು. ಮಾಕಿಯಾವೆಲ್ಲಿ ಮಾತ್ರ ತಮ್ಮ ಹೆಸರಿನಿಂದಲೇ ಗುರುತಿಸಿಕೊಂಡರು.

1966ರಲ್ಲಿ ಕಾರ್ಲೋ ಲಿಜ್ಜಾನಿ ಅವರ 'ದಿ ಹಿಲ್ಸ್ ರನ್ ರೆಡ್' ಮತ್ತು ಸೆರ್ಜಿಯೋ ಕೊರ್ಬುಚ್ಚಿ ಅವರ 'ನವಾಹೋ ಜೋ' ತೆರೆಕಂಡವು. ಮೊದಲನೆಯದರಲ್ಲಿ ಅವರದು ಖಳನಾಯಕನ ಸಹೋದರಿಯ ಪಾತ್ರ. ಬರ್ಟ್ ರೆನಾಲ್ಡ್ಸ್ ನಾಯಕನಾಗಿದ್ದ ಎರಡನೆಯದರಲ್ಲಿ ಸೇವಕಿ ಎಸ್ತೆಲ್ಲಾ ಪಾತ್ರ. ಊರಿನವರು ರೆಡ್ ಇಂಡಿಯನ್ ನಾಯಕನನ್ನು ಶಂಕಿಸುವಾಗ ಆತನ ಪರವಾಗಿ ನಿಲ್ಲುವವಳು ಈಕೆ. ಪಾತ್ರಕ್ಕೆ ಘನತೆ ಇದ್ದರೂ ಕಥೆಯನ್ನು ಮುಂದೊಯ್ಯುವ ಅಧಿಕಾರ ನಾಯಕನದೇ ಆಗಿತ್ತು. ಈ ಚಿತ್ರಕ್ಕಾಗಿ ಮೊರಿಕೋನೆ ರಚಿಸಿದ ಸಂಗೀತವನ್ನು ಕ್ವೆಂಟಿನ್ ಟರಂಟಿನೊ 2004ರ 'ಕಿಲ್ ಬಿಲ್' ಎರಡನೇ ಭಾಗದಲ್ಲಿ ಮತ್ತೆ ಬಳಸಿದರು. ಸಂಗೀತಕ್ಕೆ ದೊರೆತ ಈ ಮರುಹುಟ್ಟು ನಟಿಗೆ ದೊರೆಯಲಿಲ್ಲ.

1968ರ 'ಜಾರೆತ್ತಿಯೆರಾ ಕೋಲ್ಟ್' ಈ ಚೌಕಟ್ಟನ್ನು ಮುರಿಯಿತು. ಜಾನ್ ರೊಕ್ಕೊ ನಿರ್ದೇಶನದ ಈ ಚಿತ್ರದಲ್ಲಿ ಮಾಕಿಯಾವೆಲ್ಲಿ ಅವರದು ಲುಲು ಎಂಬ ಜೂಜುಗಾರ್ತಿಯ ಪಾತ್ರ. ಕಾಲುಪಟ್ಟಿಯಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ತಿರುಗುವ ಲುಲುವೇ ಕಥೆಯ ಕೇಂದ್ರಬಿಂದು. ಚಿತ್ರದ ಶೀರ್ಷಿಕೆಗೂ ಆ ಪಿಸ್ತೂಲೇ ಮೂಲ. ನಾಯಕಿಯೇ ಬಂದೂಕುಧಾರಿಯಾದ ಚಿತ್ರಗಳು ಈ ಪ್ರಕಾರದಲ್ಲಿ ಬೆರಳೆಣಿಕೆಯಷ್ಟು. ಅದೇ ವರ್ಷ ತೆರೆಕಂಡ ಲಿಯೋನೆಯ 'ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್' ಚಿತ್ರದಲ್ಲಿ ಕಾರ್ಡಿನಾಲೆ ಅವರ ಜಿಲ್ ಪಾತ್ರ ಜಗತ್ಪ್ರಸಿದ್ಧವಾಯಿತು. ಆದರೆ ಅಲ್ಲಿಯೂ ಅಂತಿಮ ಕಾಳಗ ಇಬ್ಬರು ಗಂಡಸರ ನಡುವಿನದು.

ಈ ಪ್ರಯೋಗ ಪರಂಪರೆಯಾಗಿ ಬೆಳೆಯಲಿಲ್ಲ. ಸೆರ್ಜಿಯೋ ಗರ್ರೋನೆ ನಿರ್ದೇಶನದ 'ನೋ ರೂಮ್ ಟು ಡೈ' (1969) ಚಿತ್ರದಲ್ಲಿ ಮಾಕಿಯಾವೆಲ್ಲಿ ಮತ್ತೆ ಪೋಷಕ ಪಾತ್ರಕ್ಕೆ ಮರಳಿದರು. ಅದೇ ವರ್ಷ ಜರ್ಮನಿಯ ಹಾನ್ಸ್-ಯೂರ್ಗೆನ್ ಸೈಬರ್‌ಬರ್ಗ್ ಅವರು ಟಾಲ್‌ಸ್ಟಾಯ್ ಕಥೆಯೊಂದನ್ನು ಆಧರಿಸಿದ 'ಸ್ಕಾರಬೆಯಾ' ಚಿತ್ರದಲ್ಲಿ ಅವರಿಗೆ ಪ್ರಧಾನ ಪಾತ್ರ ನೀಡಿದರು. ಅವರ ಪ್ರತಿಭೆಗೆ ಇನ್ನಷ್ಟು ಅವಕಾಶ ಕಲ್ಪಿಸಬಹುದಿತ್ತು ಎಂಬುದಕ್ಕೆ ಇದೇ ಸಾಕ್ಷಿ.

1970ರ ದಶಕ ಮುಗಿಯುವಷ್ಟರಲ್ಲಿ ಸ್ಪಾಘೆಟ್ಟಿ ವೆಸ್ಟರ್ನ್‌ಗಳ ಭರಾಟೆಯೂ ಮುಗಿಯಿತು. ಮುಂದೆ ಅಮೆರಿಕದ ಸಿಯಾಟಲ್ ನಗರದಲ್ಲಿ ನೆಲೆಸಿದ ಮಾಕಿಯಾವೆಲ್ಲಿ ಅಲ್ಲಿ ಇಟಾಲಿಯನ್ ಭಾಷೆ ಬೋಧಿಸಿದರು. 2015ರ ನವೆಂಬರ್‌ನಲ್ಲಿ, ತಮ್ಮ 71ನೇ ವಯಸ್ಸಿನಲ್ಲಿ, ಅದೇ ನಗರದಲ್ಲಿ ನಿಧನರಾದರು. 'ನವಾಹೋ ಜೋ' ಮತ್ತು 'ಜಾರೆತ್ತಿಯೆರಾ ಕೋಲ್ಟ್' ಚಿತ್ರಗಳನ್ನು ಒಂದರ ನಂತರ ಒಂದು ನೋಡಿದವರಿಗೆ, ಆ ಚಿತ್ರರಂಗ ತನ್ನ ನಟಿಯರಿಗೆ ನೀಡಿದ್ದೆಷ್ಟು, ನೀಡಬಹುದಾಗಿದ್ದುದೆಷ್ಟು ಎಂಬುದು ಸ್ಪಷ್ಟವಾಗುತ್ತದೆ.