ಮನೆಯಲ್ಲಿ ಯಾರೂ ಇಲ್ಲದಾಗ ನಾಯಿ ಏಕೆ ಬೊಗಳುತ್ತದೆ?

ನಮ್ಮೂರಿನಲ್ಲಿ ನಾಯಿ ಬೊಗಳಿದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. "ನಾಯಿ ಬೊಗಳಿದರೆ ದೇವಲೋಕ ಹಾಳೇ?" ಎಂದು ಗಾದೆಯನ್ನೇ ಮಾಡಿಟ್ಟವರು ನಾವು. ಆದರೆ ಅಮೆರಿಕದ ಅಪಾರ್ಟ್‌ಮೆಂಟಿನಲ್ಲಿ ಬೊಗಳುವ ನಾಯಿಯ ವಿಷಯವೇ ಬೇರೆ. ದೇವಲೋಕಕ್ಕೆ ಏನೂ ಆಗದಿದ್ದರೂ ಮನೆಯ ಲೀಸಿಗೆ ಸಂಚಕಾರ ಬರುತ್ತದೆ. ಮರದ ಚೌಕಟ್ಟಿಗೆ ತೆಳ್ಳನೆಯ ಹಲಗೆ ಬಡಿದು ಕಟ್ಟಿದ ಗೋಡೆಗಳಲ್ಲಿ ಪಕ್ಕದ ಮನೆಯವರ ಕೆಮ್ಮೂ ಕೇಳಿಸುತ್ತದೆ ಎಂದ ಮೇಲೆ ನಾಯಿಯ ಕೂಗು ಕೇಳಿಸದೇ ಇರುತ್ತದೆಯೇ? ಮೊದಲು ಬಾಗಿಲ ಸಂದಿಯಲ್ಲಿ ಒಂದು ಚೀಟಿ, ಆಮೇಲೆ ಮ್ಯಾನೇಜರ್ ಫೋನು, ಮೂರನೆಯದಾಗಿ "ಲೀಸಿನ ಇಂಥ ಷರತ್ತಿನ ಪ್ರಕಾರ" ಎಂದು ಶುರುವಾಗುವ ಪತ್ರ. ಅಷ್ಟು ಹೊತ್ತಿಗೆ ಮನೆಯೊಳಗೆ ಇನ್ನೊಂದು ಪ್ರಶ್ನೆ ಎದ್ದಿರುತ್ತದೆ: ಮನೆ ಬಿಡುವುದೋ, ನಾಯಿಯನ್ನು ಬಿಡುವುದೋ? ಮಕ್ಕಳು ಊಟ ಬಿಟ್ಟು ಕೂರುವುದು ಆಗಲೇ.

ಈ ಹಂತಕ್ಕೆ ಬಂದ ನಮ್ಮ ಕುಟುಂಬಗಳು ಒಂದೆರಡಲ್ಲ. 2020ರ ಕೊರೋನಾ ಕಾಲದಲ್ಲಿ ಎಲ್ಲರೂ ಮನೆಯಲ್ಲೇ ಇದ್ದಾಗ ಮಕ್ಕಳ ಹಟಕ್ಕೆ ಸೋತು ನಾಯಿಮರಿ ತಂದವರಿದ್ದಾರೆ. ಆ ಮರಿಗಳು ಖಾಲಿ ಮನೆ ಎಂಬುದನ್ನೇ ನೋಡದೆ ಬೆಳೆದವು. ಆಫೀಸು, ಶಾಲೆಗಳು ಮತ್ತೆ ತೆರೆದಾಗ ದಿನಕ್ಕೆ ಎಂಟೊಂಬತ್ತು ಗಂಟೆ ಒಂಟಿಯಾದವು. ನಾನು ಮನುಷ್ಯರ ವೈದ್ಯ, ಪಶುವೈದ್ಯನಲ್ಲ. ಆದರೂ ಈ ತೊಂದರೆಯನ್ನು ಅರ್ಥ ಮಾಡಿಕೊಳ್ಳುವ ರೀತಿ, ಚಿಕಿತ್ಸೆಯ ಕ್ರಮ, ಕಡೆಗೆ ಕೊಡುವ ಮಾತ್ರೆಗಳು ಕೂಡ ನಮ್ಮ ವೈದ್ಯಶಾಸ್ತ್ರಕ್ಕೆ ಎಷ್ಟು ಹತ್ತಿರ ಎಂಬುದನ್ನು ಕಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲು ರೋಗನಿರ್ಣಯ

ಜ್ವರ ಹೇಗೆ ರೋಗವಲ್ಲದೆ ರೋಗದ ಲಕ್ಷಣವೋ, ಬೊಗಳುವುದೂ ಹಾಗೆಯೇ. ಜ್ವರಕ್ಕೆ ಬರೀ ಮಾತ್ರೆ ನುಂಗಿಸಿ ಕಾರಣ ಹುಡುಕದಿದ್ದರೆ ಅದು ಮತ್ತೆ ಬರುತ್ತದೆ. ನಾಯಿಯ ಬೊಗಳಿಕೆಗೆ ಸಾಮಾನ್ಯವಾಗಿ ನಾಲ್ಕು ಕಾರಣಗಳಿರುತ್ತವೆ.

ಒಂದು, ಕಾವಲು. ಕಾರಿಡಾರಿನಲ್ಲಿ ಹೆಜ್ಜೆ ಸಪ್ಪಳ ಅಥವಾ ಲಿಫ್ಟಿನ ಸದ್ದು ಕೇಳಿದಾಗ ನಾಲ್ಕು ಸಲ ಬೊಗಳಿ ಸುಮ್ಮನಾಗುತ್ತದೆ. ನೀವು ಮನೆಯಲ್ಲಿದ್ದಾಗಲೂ ಹೀಗೇ ಮಾಡುತ್ತದೆ. ಎರಡು, ಬೇಸರ. ಮಾಡಲು ಕೆಲಸವಿಲ್ಲದ ಎಳೆಯ ನಾಯಿ ಚಪ್ಪಲಿ ಕಡಿಯುತ್ತದೆ, ಮಧ್ಯೆ ಮಧ್ಯೆ ಬೊಗಳುತ್ತದೆ. ಮೂರು, ದೇಹದ ತೊಂದರೆ. ನೋವು, ಮೂತ್ರದ ಸೋಂಕು, ವಯಸ್ಸಾದ ನಾಯಿಗೆ ಬರುವ ಮರೆವು. ಇದ್ದಕ್ಕಿದ್ದಂತೆ ಶುರುವಾದ ಬೊಗಳಿಕೆಗೆ ಮೊದಲು ಪಶುವೈದ್ಯರ ಪರೀಕ್ಷೆ ಆಗಬೇಕು. ನಾಲ್ಕನೆಯದು ನಮ್ಮ ವಿಷಯ, ಒಂಟಿಯಾಗುವ ಭಯ. ಇಂಗ್ಲಿಷಿನಲ್ಲಿ ಇದನ್ನು ಸೆಪರೇಷನ್ ಆಂಗ್ಸೈಟಿ ಎನ್ನುತ್ತಾರೆ. ನಾವು ಅಗಲಿಕೆಯ ಆತಂಕ ಎನ್ನೋಣ.

ಇದನ್ನು ಗುರುತಿಸುವುದು ಕಷ್ಟವಲ್ಲ. ಒಂದು ಹಳೆಯ ಫೋನನ್ನು ಬಾಗಿಲ ಕಡೆಗೆ ತಿರುಗಿಸಿಟ್ಟು ವಿಡಿಯೋ ಆನ್ ಮಾಡಿ ಹೊರಗೆ ಹೋಗಿ. ಆತಂಕದ ನಾಯಿ ನೀವು ಹೋದ ಅರ್ಧ ಗಂಟೆಯೊಳಗೆ, ಎಷ್ಟೋ ಸಲ ಬಾಗಿಲು ಮುಚ್ಚಿದ ಕ್ಷಣದಲ್ಲೇ ಶುರು ಮಾಡುತ್ತದೆ. ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತದೆ. ಏದುಸಿರು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ಬಾಗಿಲ ಅಂಚನ್ನು ಕೆರೆಯುತ್ತದೆ. ಶಿಸ್ತು ಕಲಿತ ನಾಯಿಯೂ ಮನೆಯೊಳಗೇ ಮೂತ್ರ ಮಾಡಬಹುದು. ಮುಖ್ಯವಾಗಿ, ಬಹಳ ಇಷ್ಟದ ತಿಂಡಿ ಮುಂದಿಟ್ಟರೂ ಮೂಸುವುದಿಲ್ಲ. ಬೇಸರಗೊಂಡ ನಾಯಿ ತಿನ್ನುತ್ತದೆ, ಹೆದರಿದ ನಾಯಿಗೆ ತುತ್ತು ಇಳಿಯುವುದಿಲ್ಲ.

ಅಜ್ಜಿ ಊರಿಗೆ ಹೋದ ಮೇಲೆ

ನಮ್ಮ ಪರಿಚಯದ ಒಂದು ಕುಟುಂಬದಲ್ಲಿ ಗುಂಡ ಎಂಬ ನಾಯಿ ಇದೆ. ನಾಯಿಗಳ ಆಶ್ರಯಧಾಮದಿಂದ ತಂದದ್ದು. ನಾಲ್ಕು ವರ್ಷದ್ದು, ಅರ್ಧ ಲ್ಯಾಬ್ರಡಾರ್, ಇನ್ನರ್ಧ ಯಾವುದೋ ಗೊತ್ತಿಲ್ಲ. ಮನೆಯ ಯಜಮಾನನ ತಾಯಿ-ತಂದೆ ಮೈಸೂರಿನಿಂದ ಬಂದು ಆರು ತಿಂಗಳು ಇದ್ದರು. ಮೊದಲ ವಾರ "ಅದನ್ನ ಅಡುಗೆಮನೆ ಹತ್ರ ಬಿಡಬೇಡಿ" ಎಂದಿದ್ದ ಅಜ್ಜಿ, ಎರಡನೇ ತಿಂಗಳಿಗೆ ಅದಕ್ಕೆ ಚಪಾತಿಯ ಪಾಲು ತೆಗೆದಿಡತೊಡಗಿದರು. ಮಗ-ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಅಜ್ಜಿ ಸೋಫಾದಲ್ಲಿ, ಗುಂಡ ಅವರ ಕಾಲ ಬುಡದಲ್ಲಿ. ವೀಸಾದ ಅವಧಿ ಮುಗಿದು ಹಿರಿಯರು ಹೊರಟರು. ಮುಂದಿನ ಸೋಮವಾರವೇ ಬಾಗಿಲಿಗೆ ಮೊದಲ ಚೀಟಿ ಬಂತು.

ಮೂರನೆಯ ಪತ್ರ ಬಂದ ದಿನ ಮಗ ಮೈಸೂರಿಗೆ ಫೋನು ಮಾಡಿ, "ಅಮ್ಮ, ನೀವು ಹೋದಾಗಿನಿಂದ ಇಡೀ ದಿನ ಬೊಗಳ್ತಾನೆ, ಮನೆ ಖಾಲಿ ಮಾಡು ಅಂತಿದಾರೆ" ಎಂದನಂತೆ. ಅಜ್ಜಿ ಹೇಳಿದ್ದು ಒಂದೇ ಮಾತು: "ಅದು ಬೊಗಳೋದಲ್ಲ ಕಣೋ, ಕರೆಯೋದು."

ಯಾವ ಪಠ್ಯಪುಸ್ತಕವೂ ಇದಕ್ಕಿಂತ ಚೆನ್ನಾಗಿ ಹೇಳಲಾರದು. ಮನೆಯ ಒಬ್ಬರು ಇಲ್ಲವಾಗುವುದು, ಮನೆ ಬದಲಿಸುವುದು, ದಿನಚರಿ ಏರುಪೇರಾಗುವುದು ಅಗಲಿಕೆಯ ಆತಂಕಕ್ಕೆ ಸಾಮಾನ್ಯ ಕಾರಣಗಳು. ವಲಸೆ ಬಂದ ನಮ್ಮ ಬದುಕಿನಲ್ಲಿ ಈ ಮೂರೂ ಇವೆ.

ಇದು ಸೇಡಲ್ಲ

"ನಾವು ಬಿಟ್ಟು ಹೋದೆವು ಅಂತ ಸೇಡು ತೀರಿಸಿಕೊಳ್ಳುತ್ತೆ, ಬೈದರೆ ತಪ್ಪು ಮಾಡಿದವರ ಹಾಗೆ ಮುಖ ಮಾಡುತ್ತೆ" ಎನ್ನುವವರುಂಟು. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನೇ ಪರೀಕ್ಷಿಸಿದರು. ತಪ್ಪು ಮಾಡಿದ ನಾಯಿಯಾಗಲಿ, ಮಾಡದ ನಾಯಿಯಾಗಲಿ, ಯಜಮಾನ ಗದರಿದಾಗ ಆ 'ತಪ್ಪಿತಸ್ಥ' ಮುಖ ಹೆಚ್ಚಾಗಿ ಕಂಡಿತು. ಅಂದರೆ ಅದು ನಮ್ಮ ಕೋಪಕ್ಕೆ ತೋರಿಸುವ ಅಂಜಿಕೆ, ಪಶ್ಚಾತ್ತಾಪದ ಗುರುತಲ್ಲ.

ತಾಯಿ ಹೊರಗೆ ಹೋಗಿ ಮರಳಿದಾಗ ಮಗು ಹೇಗೆ ವರ್ತಿಸುತ್ತದೆ ಎಂದು ನೋಡಲು ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಒಂದು ಪರೀಕ್ಷೆ ರೂಪಿಸಿದ್ದರು. 1998ರಲ್ಲಿ ಹಂಗೆರಿಯ ಬುಡಾಪೆಸ್ಟಿನ ವಿಜ್ಞಾನಿಗಳು ಅದೇ ಪರೀಕ್ಷೆಯನ್ನು ನಾಯಿಗಳ ಮೇಲೆ ಮಾಡಿದರು. ನಾಯಿಗೆ ಯಜಮಾನನ ಮೇಲಿರುವ ನಂಟು ಮಗುವಿಗೆ ತಾಯಿಯ ಮೇಲಿರುವ ನಂಟನ್ನು ಹೋಲುತ್ತದೆ ಎಂದು ಕಂಡುಬಂತು.

ಈ ನಂಟು ಕನ್ನಡಿಗರಿಗೆ ಹೊಸದೂ ಅಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 949-50ರ ಶಾಸನದ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ಮಣಲೇರ ಎಂಬ ಗಂಗರ ಕಾಲದ ವೀರನೊಬ್ಬ, ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ತನ್ನ ನಾಯಿಗಾಗಿ ಅದನ್ನು ನಿಲ್ಲಿಸಿದ. ಕಲ್ಲಿನ ಮೇಲೆ ನಾಯಿ ಮತ್ತು ಹಂದಿಯ ಕಾದಾಟವನ್ನು ಕೆತ್ತಿದ್ದಾರೆ. ಕಾಳಿಗೆ ಕಾಡಿತ್ತು, ಬೇಟೆಯಿತ್ತು, ಜೊತೆಗೆ ಜನರಿದ್ದರು. ನಮ್ಮ ಗುಂಡನಿಗಿರುವುದು ಎರಡು ಬೆಡ್‌ರೂಮು, ಒಂದು ಬಾಲ್ಕನಿ ಮತ್ತು ಮುಚ್ಚಿದ ಬಾಗಿಲು.

ಭಯ ಬಿಡಿಸುವ ಕ್ರಮ

ಭಯಕ್ಕೆ ಚಿಕಿತ್ಸೆ ಹೇಗೆ? ದಕ್ಷಿಣ ಆಫ್ರಿಕಾದ ಮನೋವೈದ್ಯ ಜೋಸೆಫ್ ವೋಲ್ಪೆ ಹೆದರಿದ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ, ಭಯದ ಕಾರಣವನ್ನು ಚೂರು ಚೂರೇ ಎದುರಿಗಿಟ್ಟು ಅಭ್ಯಾಸ ಮಾಡಿಸುವ ಕ್ರಮವನ್ನು ರೂಪಿಸಿದರು. 1958ರ ಅವರ ಪುಸ್ತಕದ ನಂತರ ಅದು ಮನುಷ್ಯರ ಚಿಕಿತ್ಸೆಯಲ್ಲಿ ಹೆಸರಾಯಿತು. ನಾಯಿಗೂ ಅದೇ ಮದ್ದು.

ಮೊದಲ ಹೆಜ್ಜೆ, ಹೊರಡುವ ಸೂಚನೆಗಳ ಅರ್ಥ ಕೆಡಿಸುವುದು. ಕಾರಿನ ಕೀಲಿಕೈ ಸದ್ದಾಯಿತೆಂದರೆ ನೀವು ಹೊರಟಿರಿ ಎಂದು ನಾಯಿಗೆ ಗೊತ್ತು. ಗಂಟೆ ಕೇಳಿ ಜೊಲ್ಲು ಸುರಿಸಿದ ಪಾವ್ಲೋವನ ನಾಯಿಯ ಪಾಠವೇ ಇದು. ಆದ್ದರಿಂದ ದಿನಕ್ಕೆ ಹತ್ತು ಸಲ ಕೀಲಿಕೈ ಎತ್ತಿಕೊಂಡು ಟಿವಿ ಮುಂದೆ ಕೂತುಬಿಡಿ. ಶೂ ಹಾಕಿಕೊಂಡು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯಿರಿ. ಕೆಲವು ದಿನಗಳಲ್ಲಿ ನಾಯಿ ತಲೆ ಎತ್ತಿಯೂ ನೋಡುವುದಿಲ್ಲ.

ಎರಡನೆಯದು, ಬಾಗಿಲು. ತೆಗೆದು ಮುಚ್ಚಿ, ಒಳಗೇ ಇರಿ. ಆಮೇಲೆ ಹೊರಗೆ ಹೋಗಿ ಎರಡು ಸೆಕೆಂಡಿನಲ್ಲಿ ಒಳಗೆ ಬನ್ನಿ. ನಂತರ ಐದು, ಹತ್ತು, ಮೂವತ್ತು ಸೆಕೆಂಡು. ನಾಯಿ ಗಾಬರಿಯಾಗುವ ಮೊದಲೇ ಹಿಂತಿರುಗುವುದು ಇಲ್ಲಿಯ ಗುಟ್ಟು. ಬೊಗಳತೊಡಗಿದರೆ ಹೆಜ್ಜೆ ದೊಡ್ಡದಾಯಿತು ಎಂದರ್ಥ, ಹಿಂದಿನ ಹೆಜ್ಜೆಗೆ ಮರಳಬೇಕು. ಸುಮಾರು 40 ನಿಮಿಷದವರೆಗೆ ಸಾಗುವುದೇ ಕಷ್ಟದ ದಾರಿ. ಅಲ್ಲಿಂದಾಚೆಗೆ ಐದು ನಿಮಿಷ, ಹದಿನೈದು ನಿಮಿಷದ ಹೆಜ್ಜೆ ಇಡಬಹುದು. ಒಂದೂವರೆ ಗಂಟೆ ನೆಮ್ಮದಿಯಾಗಿರಲು ಕಲಿತ ನಾಯಿ ಸಾಮಾನ್ಯವಾಗಿ ಅರ್ಧ ದಿನವನ್ನೂ ಕಳೆಯಬಲ್ಲದು.

ಮೂರನೆಯದು, ಈ ಅಭ್ಯಾಸ ನಡೆಯುವಷ್ಟು ದಿನ ಅದನ್ನು ತಡೆಯಲಾರದಷ್ಟು ಹೊತ್ತು ಒಂಟಿ ಬಿಡದಿರುವುದು. ಸಂಜೆ ಎರಡು ನಿಮಿಷದ ಪಾಠ ಹೇಳಿ ಬೆಳಿಗ್ಗೆ ಎಂಟು ಗಂಟೆ ಕೂಡಿಹಾಕಿದರೆ ಪಾಠ ನೀರಿಗೆ ಹೋದಂತೆ. ನಾಯಿಗಳ ಡೇಕೇರ್, ಮನೆಯಿಂದ ಕೆಲಸ ಮಾಡುವ ಗೆಳೆಯರು, ದಂಪತಿಗಳ ಪಾಳಿ, ಯಾವುದಾದರೂ ಸರಿ.

ಹೊರಡುವ ಮುಂಚೆ ಅರ್ಧ ಗಂಟೆ ಚೆನ್ನಾಗಿ ನಡೆದಾಡಿಸಿ, ಮೂಸಲು ಬಿಡಿ. ಪೊಳ್ಳಾದ ರಬ್ಬರ್ ಆಟಿಕೆಯೊಳಗೆ ಉಪ್ಪು, ಒಗ್ಗರಣೆ ಇಲ್ಲದ ಮಿದುವಾದ ಮೊಸರನ್ನ ತುಂಬಿ ಫ್ರೀಜರಿನಲ್ಲಿಟ್ಟು ಕೊಟ್ಟರೆ ಅದನ್ನು ನೆಕ್ಕುತ್ತಾ ಹೊತ್ತು ಕಳೆಯುತ್ತದೆ. ಸಕ್ಕರೆರಹಿತ ಪೀನಟ್ ಬಟರ್ ಕೊಡುವ ಮುನ್ನ ಡಬ್ಬಿಯ ಮೇಲೆ ಜೈಲಿಟಾಲ್ ಎಂದಿದೆಯೇ ನೋಡಿ. ಅದು ನಾಯಿಗೆ ವಿಷ. ಈರುಳ್ಳಿ, ಚಾಕಲೇಟು, ದ್ರಾಕ್ಷಿಯೂ ಅಪಾಯ. ಕೇಸರಿಬಾತು, ಪಾಯಸದ ಒಣದ್ರಾಕ್ಷಿ ಕೂಡ.

ಮಾತ್ರೆ ಬೇಕೇ?

ಆತಂಕ ತೀವ್ರವಾಗಿದ್ದರೆ ಬೇಕಾಗಬಹುದು, ಅದರಲ್ಲಿ ನಾಚಿಕೆ ಏನಿಲ್ಲ. ಮನುಷ್ಯರ ಖಿನ್ನತೆ, ಗೀಳುರೋಗಗಳಿಗೆ ನಾವು ಬರೆದುಕೊಡುವ ಕ್ಲೋಮಿಪ್ರಮಿನ್ ಔಷಧಿಗೆ ನಾಯಿಗಳ ಅಗಲಿಕೆಯ ಆತಂಕಕ್ಕಾಗಿ ಅಮೆರಿಕದ ಎಫ್‌ಡಿಎ 1998ರಲ್ಲಿ ಒಪ್ಪಿಗೆ ಕೊಟ್ಟಿತು. 2007ರಲ್ಲಿ ಫ್ಲೂಆಕ್ಸೆಟಿನ್‌ಗೂ ಒಪ್ಪಿಗೆ ಸಿಕ್ಕಿತು. ಎರಡಕ್ಕೂ ಒಂದೇ ಷರತ್ತು, ಮೇಲೆ ಹೇಳಿದ ಅಭ್ಯಾಸದ ಜೊತೆಗೇ ಕೊಡಬೇಕು. ಪರಿಣಾಮ ಕಾಣಲು ಕೆಲವು ವಾರಗಳು ಬೇಕು. ಮಾತ್ರೆ ಭಯದ ಮಟ್ಟ ಇಳಿಸಿ ನಾಯಿಯನ್ನು ಕಲಿಯುವ ಸ್ಥಿತಿಗೆ ತರುತ್ತದೆ, ಕಲಿಸುವ ಕೆಲಸ ನಮ್ಮದೇ.

ನಿಮ್ಮ ಔಷಧಿಯ ಡಬ್ಬಿಯಿಂದ ನಾಯಿಗೆ ಏನನ್ನೂ ಕೊಡಬೇಡಿ. ಪ್ರಮಾಣ ಬೇರೆ, ದೇಹ ಬೇರೆ. ನಾವು ಮಂಡಿನೋವಿಗೆ ನುಂಗುವ ಐಬುಪ್ರೊಫೆನ್ ನಾಯಿಯ ಹೊಟ್ಟೆ, ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಪಶುವೈದ್ಯರೇ ಬರೆದುಕೊಡಬೇಕು.

ಮಾಡಬಾರದ್ದು

ಬೊಗಳಿದಾಗ ವಿದ್ಯುತ್ ಆಘಾತ ಕೊಡುವ ಕಾಲರ್ ಅಂಗಡಿಯಲ್ಲಿ ಸಿಗುತ್ತದೆ. ಹೆದರಿ ಅಳುವ ಮಗುವಿಗೆ ಹೊಡೆದು ಬಾಯಿ ಮುಚ್ಚಿಸಿದಂತೆ ಇದು. ಸದ್ದು ನಿಂತರೂ ಭಯ ಎರಡರಷ್ಟಾಗುತ್ತದೆ. ಬ್ರಿಟನ್ನಿನ ವೇಲ್ಸ್ ಪ್ರಾಂತ 2010ರಲ್ಲೇ ಇಂಥ ಕಾಲರ್‌ಗಳನ್ನು ನಿಷೇಧಿಸಿತು. ಗಂಟಲಿನ ಶಸ್ತ್ರಚಿಕಿತ್ಸೆ ಮಾಡಿಸಿ ಸದ್ದಡಗಿಸುವುದೂ ಉಂಟು. ವೈದ್ಯಕೀಯ ಕಾರಣವಿಲ್ಲದೆ ಅದನ್ನು ಮಾಡಿಸದಂತೆ ಮ್ಯಾಸಚೂಸೆಟ್ಸ್ ರಾಜ್ಯ 2010ರಲ್ಲಿ ಕಾನೂನು ತಂದಿತು. ಹೊಸದಾಗಿ ಬೋನಿಗೆ ಹಾಕಿದರೆ ಕೆಲವು ನಾಯಿಗಳು ಕಂಬಿ ಕಚ್ಚಿ ಹಲ್ಲು ಮುರಿದುಕೊಳ್ಳುತ್ತವೆ. ಜೊತೆಗಿರಲಿ ಎಂದು ಇನ್ನೊಂದು ನಾಯಿ ತರುವುದೂ ಸಾಮಾನ್ಯವಾಗಿ ಫಲ ಕೊಡುವುದಿಲ್ಲ, ಅದು ಹುಡುಕುತ್ತಿರುವುದು ನಿಮ್ಮನ್ನು.

ನೆರೆಮನೆಯವರೂ ಮನುಷ್ಯರೇ

ರಾತ್ರಿಪಾಳಿ ಮುಗಿಸಿ ಮಲಗಿದ ನರ್ಸ್, ಹಸುಗೂಸಿನ ತಾಯಿ, ಇವರ ದೂರಿನಲ್ಲಿ ನ್ಯಾಯವಿದೆ. ನೀವೇ ಹೋಗಿ ಬಾಗಿಲು ತಟ್ಟಿ. "ತೊಂದರೆ ನಮಗೆ ಗೊತ್ತಾಗಿದೆ, ಚಿಕಿತ್ಸೆ ನಡೆದಿದೆ, ಯಾವ ಹೊತ್ತಿನಲ್ಲಿ ಬೊಗಳುತ್ತದೆ ತಿಳಿಸುತ್ತೀರಾ?" ಎಂದು ಕೇಳಿ, ನಿಮ್ಮ ಫೋನ್ ನಂಬರ್ ಕೊಡಿ. ಪಶುವೈದ್ಯರ ಪತ್ರ, ಅಭ್ಯಾಸದ ದಿನಚರಿ, ವಿಡಿಯೋ ಇವನ್ನು ಮ್ಯಾನೇಜರಿಗೆ ತೋರಿಸಿ ಕಾಲಾವಕಾಶ ಕೇಳಿ.

ಗುಂಡನ ಮನೆಯವರು ಹೀಗೇ ಮಾಡಿದರು. ದೂರು ಕೊಟ್ಟಿದ್ದ ಎದುರುಮನೆಯ ನಿವೃತ್ತ ಮಹಿಳೆಯೇ ವಾರಕ್ಕೆ ಮೂರು ದಿನ ಅದನ್ನು ತಮ್ಮ ಮನೆಯಲ್ಲಿ ಇಟ್ಟುಕೊಳ್ಳಲು ಒಪ್ಪಿದರು. ಮೈಸೂರಿನ ಅಜ್ಜಿ ವಿಡಿಯೋ ಕಾಲಿನಲ್ಲಿ ಕರೆದಾಗ ಮಾತ್ರ ಗುಂಡ ಸೋಫಾದ ಹಿಂದೆಲ್ಲ ಹುಡುಕಿ ಊಳಿಟ್ಟಿತು. ಒಂಟಿ ನಾಯಿಗೆ ಕ್ಯಾಮೆರಾದಿಂದ ದನಿ ಕೇಳಿಸುವುದು ಎಷ್ಟೋ ಸಲ ಹೀಗೆ ಉಲ್ಟಾ ಹೊಡೆಯುತ್ತದೆ. ಅಜ್ಜಿ ಬಿಟ್ಟುಹೋದ ಹಳೆಯ ಹತ್ತಿ ಸೀರೆಯನ್ನು ಹಾಸಿಗೆಗೆ ಹಾಕಿದ್ದು ಅದಕ್ಕೆ ಹಿತವಾಯಿತು. ಮಾತ್ರೆ, ಅಭ್ಯಾಸ ಎರಡೂ ಸೇರಿ ನಾಲ್ಕು ತಿಂಗಳು ಹಿಡಿಯಿತು. ಈಗ ಮಧ್ಯಾಹ್ನದವರೆಗೆ ತೆಪ್ಪಗೆ ಮಲಗಿರುತ್ತದೆ, ಮಧ್ಯಾಹ್ನ ಒಬ್ಬರು ಬಂದು ನಡೆದಾಡಿಸುತ್ತಾರೆ.

ಮೊದಲೇ ಯೋಚಿಸಿ

ಅಜ್ಜಿ-ತಾತ ಹಿಂತಿರುಗುವ ಟಿಕೆಟ್ಟಿನ ತಾರೀಖು ನಮಗೆ ತಿಂಗಳುಗಳ ಮೊದಲೇ ಗೊತ್ತಿರುತ್ತದೆ. ಅವರು ಇರುವಾಗಲೇ ನಾಯಿಗೆ ದಿನವೂ ಸ್ವಲ್ಪ ಹೊತ್ತು ಒಂಟಿಯಾಗಿರುವುದನ್ನು ಕಲಿಸಿ. ಅವರೂ ದಿನಕ್ಕೊಮ್ಮೆ ವಾಕಿಂಗ್ ಹೊರಟ ಹಾಗಾಯಿತು. ಊರಿಗೆ ನಾಲ್ಕು ವಾರ ಹೋಗುವವರು ನಾಯಿಯನ್ನು ಬಿಡುವ ಜಾಗದಲ್ಲಿ ಮೊದಲು ಒಂದು ದಿನ, ಆಮೇಲೆ ಒಂದು ರಾತ್ರಿ ಬಿಟ್ಟು ನೋಡಿ.

ಸಂಘದ ಹಬ್ಬದ ದಿನವನ್ನೂ ಮರೆಯಬೇಡಿ. ಬೆಳಿಗ್ಗೆ ಮಕ್ಕಳ ನೃತ್ಯದ ರಿಹರ್ಸಲ್‌ಗೆ ಹೊರಟರೆ ಊಟ, ನಾಟಕ, ವಂದನಾರ್ಪಣೆ ಎಲ್ಲ ಮುಗಿದು ಮನೆ ಸೇರುವುದು ರಾತ್ರಿ ಹತ್ತಕ್ಕೆ. ದೀಪಾವಳಿಯಾದರೆ ಪಟಾಕಿಯ ಸದ್ದು ಬೇರೆ. ಆ ದಿನಕ್ಕೆ ನಾಯಿಯ ಬಳಿ ಯಾರಿರುತ್ತಾರೆ ಎಂಬುದನ್ನು ಸೀರೆ-ಜುಬ್ಬಾ ಇಸ್ತ್ರಿ ಮಾಡುವ ಮೊದಲೇ ಗೊತ್ತು ಮಾಡಿಕೊಳ್ಳಿ. ಸಂಘದಲ್ಲಿ ನಾಯಿ ಸಾಕಿದ ನಾಲ್ಕು ಮನೆಗಳು ಸೇರಿ ಸರದಿ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಒಬ್ಬರು ನಾಟಕದ ಮೊದಲ ಅಂಕ ತಪ್ಪಿಸಿಕೊಳ್ಳಬೇಕಾದೀತು. ಅವರಿಗೊಂದು ಹೋಳಿಗೆ ಎತ್ತಿಟ್ಟರಾಯಿತು.