ಸೋಸಿದ ನೀರು ಮತ್ತು ಧ್ರುವದ ಕಡಲು



ಮಾದರಿ ಎಂದರೇನೆಂದು ವ್ಯಾಪಾರದ ಮನೆಯವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಾಳವಾಡಿ ಬೆಟ್ಟದ ಅರಿಶಿನ ದಿಂಬಂ ಘಾಟಿಯ 27 ತಿರುವುಗಳನ್ನಿಳಿದು ಈರೋಡು ಸೇರಿದರೆ, ಹಿಡಿಯಷ್ಟು ಮಾದರಿ ನೋಡಿಯೇ ಬೆಲೆ ಕಟ್ಟುತ್ತಾರೆ. ಮಾದರಿಯ ಚೀಟಿ ಅದಲುಬದಲಾದರೆ ವ್ಯವಹಾರವೇ ಕೆಟ್ಟಿತು.

ಈಚೆಗೆ ತಾಳವಾಡಿಯ ನಮ್ಮ ಬಂಧುಗಳೊಬ್ಬರು ಒಂದು ಸಂಗತಿ ಮುಂದಿಟ್ಟರು. ಸಾಗರ ವಿಜ್ಞಾನ ಓದಿದ ಅವರ ಮಗ, ದಕ್ಷಿಣ ಧ್ರುವದ ಕಡೆಗೆ ಹೋಗುವ ಸಂಶೋಧನಾ ಹಡಗಿನಲ್ಲಿ ಮಾದರಿ ತೆಗೆಯುವ ಕೆಲಸಕ್ಕೆ ಅರ್ಜಿ ಹಾಕಬೇಕೆಂದಿದ್ದಾನೆ. "ನೀರಿನ ಜೀವ ಹಿಡಿಯುವ ಕೆಲಸ ಶ್ರಾವಕನಿಗೆ ತಕ್ಕುದೇ?" ಎಂಬುದು ಅವನ ಅಜ್ಜಿಯ ಪ್ರಶ್ನೆ. ನಾವು ಹುಡುಗನನ್ನೇ ಕೂರಿಸಿಕೊಂಡು ವಿಚಾರಿಸಿದೆವು.

ದಕ್ಷಿಣ ಮಹಾಸಾಗರಕ್ಕೆ ನಮ್ಮ ದೇಶದ ಮೊದಲ ಸಂಶೋಧನಾ ಯಾನ 2004ರಲ್ಲಿ 'ಸಾಗರ ಕನ್ಯಾ' ಹಡಗಿನಲ್ಲಿ ನಡೆಯಿತು. 2020ರಲ್ಲಿ 11ನೆಯ ಯಾನ ಮಾರಿಷಸ್‌ನಿಂದ ಹೊರಟಿತು. ಇವುಗಳ ಹೊಣೆ ಗೋವಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ್ದು.

ಕೆಲಸದ ಬಗೆ ಹೀಗೆ. ಲೋಹದ ಚೌಕಟ್ಟಿನ ಸುತ್ತ ಜೋಡಿಸಿದ ಉದ್ದನೆಯ ಸೀಸೆಗಳನ್ನು, ಎರಡೂ ಬಾಯಿ ತೆರೆದಂತೆ, ಉಕ್ಕಿನ ಹಗ್ಗದಲ್ಲಿ ಆಳಕ್ಕೆ ಇಳಿಸುತ್ತಾರೆ. ಮೇಲಕ್ಕೆ ಎಳೆಯುವಾಗ ಬೇಕಾದ ಆಳದಲ್ಲಿ ಒಂದೊಂದನ್ನು ಹಡಗಿನಿಂದಲೇ ಮುಚ್ಚಿಸುತ್ತಾರೆ. ಗಾಳಿ ತಗುಲಿ ಲೆಕ್ಕ ಕೆಡುವ ಮೊದಲೇ ಆಮ್ಲಜನಕದ ಮಾದರಿ ಹಿಡಿಯಬೇಕು. ಉಪ್ಪಿನಂಶ ಮುಂತಾದವು ಆಮೇಲೆ. ಪ್ರತಿ ಸೀಸೆಗೂ ಚೀಟಿ. ಹಗಲಾಗಲಿ ನಡುರಾತ್ರಿಯಾಗಲಿ, ಹಡಗು ನಿಂತಾಗ ಚಳಿಯಲ್ಲಿ ಎದ್ದು ನಿಲ್ಲಬೇಕು.

ಇಷ್ಟರಲ್ಲಿ ತೊಡಕಿಲ್ಲ. ಆದರೆ ಅಲ್ಲಿ ನೀರನ್ನೂ ಸೋಸುತ್ತಾರೆ. ನಮ್ಮ ತಾಯಂದಿರು ನೀರು ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಬಿಡುತ್ತಿದ್ದರು. ಹಡಗಿನಲ್ಲಿ ಸೋಸುವುದು ಲೆಕ್ಕಕ್ಕಾಗಿ. ಬಲೆಗೆ ಬಿದ್ದ ಸಣ್ಣ ಜೀವಿಗಳನ್ನು ಫಾರ್ಮಾಲಿನ್‌ನಲ್ಲಿ ಇಡುತ್ತಾರೆ. ಅವು ಕಡಲಿಗೆ ಮರಳುವುದಿಲ್ಲ.

ಈ ವಿದ್ಯೆಯಿಂದ ಉಪಕಾರವೂ ಉಂಟು. ಜಗತ್ತಿನಲ್ಲಿ ಉತ್ಪತ್ತಿಯಾಗುವ ಆಮ್ಲಜನಕದ ಸುಮಾರು ಅರ್ಧ ಕಡಲಿನ ಸಸ್ಯಗಳದ್ದು. ಅವುಗಳಲ್ಲಿ ಹೆಚ್ಚಿನವು ಕಣ್ಣಿಗೆ ಕಾಣದಷ್ಟು ಸಣ್ಣವು. ಕಡಲು ಕಾಯುತ್ತಿರುವ ಈ ಕಾಲದಲ್ಲಿ ಅವುಗಳ ಸ್ಥಿತಿ ತಿಳಿಯದೆ ಯಾವ ಜೀವವನ್ನು ಕಾಪಾಡಿಯೇವು?

ಗೃಹಸ್ಥನ ದುಡಿಮೆಯಲ್ಲಿ ಅರಿಯದೆ ಆಗುವ ಹಿಂಸೆ ನಮ್ಮ ಅಂಗಡಿಯಲ್ಲೂ ಇದೆ. ಕಾಳಿನ ಮೂಟೆ ಎತ್ತಿದವರಿಗೆ ಅದು ಗೊತ್ತು. ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆ ಮಾತ್ರ ಶ್ರಾವಕನಿಗೆ ಸಲ್ಲದು. ಆದ್ದರಿಂದ ನಾವು ಹೇಳಿದೆವು: "ಉಪ್ಪು, ಆಮ್ಲಜನಕಗಳ ವಿಭಾಗ ಕೇಳಿಕೋ, ಬಲೆಯ ಕೆಲಸ ಒಲ್ಲೆನೆಂದು ಮೊದಲೇ ತಿಳಿಸು. ಕರಾರು ವ್ಯಾಪಾರಕ್ಕೆ ಮುಂಚೆ ಆಗಬೇಕು, ಆಮೇಲಲ್ಲ. ಒಪ್ಪದಿದ್ದರೆ ಆ ಕೆಲಸ ನಿನ್ನದಲ್ಲ."

ಹುಡುಗ ನಗುತ್ತಾ ಇನ್ನೊಂದು ಕೇಳಿದ: "ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ರಾತ್ರಿಭೋಜನ ತ್ಯಾಗದ ಗತಿಯೇನು?" ವ್ರತ ಇರುವುದು ಸಂಯಮಕ್ಕೆ. ತಾಳವಾಡಿಯಲ್ಲಿ ಹೊತ್ತು ಮುಳುಗುವ ಗಳಿಗೆಯನ್ನು ಗಡಿಯಾರದಲ್ಲಿ ನೋಡಿ ಊಟ ಮುಗಿಸು ಎಂದೆವು. ಅಜ್ಜಿಗೆ ಈ ಮಾತು ಹಿಡಿಸಿತು. ಬಲೆಯ ವಿಷಯದಲ್ಲಿ ಮಾತ್ರ, ಹಡಗಿನವರ ಉತ್ತರ ಬರಲಿ ಎಂದು ಕಾದಿದ್ದಾರೆ.

ಜೈ ಜಿನೇಂದ್ರ.