ಮಳೆಯ ಗ್ರಿಡ್ ದತ್ತಾಂಶದಲ್ಲಿ ಕಡಲ ಕೋಶಗಳನ್ನು ಮರೆಮಾಡುವ ಮತ್ತು ಮರೆ ತೆಗೆಯುವ ಕ್ರಮ

ಅಡಿಕೆಯ ಕೊಳೆರೋಗದ ಹತೋಟಿಗೆ ಶೇ. 1ರ ಬೋರ್ಡೋ ದ್ರಾವಣವನ್ನು ಮುಂಗಾರಿನ ಆರಂಭಕ್ಕೆ ಮುನ್ನ ಒಮ್ಮೆ, 40–45 ದಿನಗಳ ಬಳಿಕ ಮತ್ತೊಮ್ಮೆ ಸಿಂಪಡಿಸಬೇಕು. ಮಳೆ ಮುಂದುವರಿದಲ್ಲಿ ಮೂರನೆಯ ಸಿಂಪರಣೆಯೂ ಅಗತ್ಯವಾಗಬಹುದು. ಈ ನಿರ್ಧಾರಕ್ಕೆ ಬಳಸುವ ಮಳೆ ನಕ್ಷೆಯು ಕರಾವಳಿಯಲ್ಲಿ ದಾರಿ ತಪ್ಪಿಸದಂತೆ ಎಚ್ಚರ ವಹಿಸಬೇಕು.

ಸಮಸ್ಯೆಯ ಮೂಲ: ಭಾರತ ಹವಾಮಾನ ಇಲಾಖೆಯು 1901ರಿಂದೀಚಿನ ದೈನಂದಿನ ಮಳೆಯನ್ನು 0.25 ಡಿಗ್ರಿ ಅಳತೆಯ ಕೋಶಗಳಲ್ಲಿ ಒದಗಿಸುತ್ತದೆ. ಒಂದು ಕೋಶದ ಬದಿ ಸುಮಾರು 27 ಕಿ.ಮೀ. ಮಂಗಳೂರು ನಗರದ ಕಡಲಬದಿಯ ಭಾಗವು ಬೀಳುವ ಕೋಶದ ಕೇಂದ್ರ 74.75 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಅಂದರೆ ಅರಬ್ಬಿ ಸಮುದ್ರದಲ್ಲಿದೆ. ಅಳತೆಯಿಲ್ಲದ ಕೋಶಗಳಲ್ಲಿ -999 ಎಂಬ ಸಂಕೇತವಿರುತ್ತದೆ. ಅದು ಮಳೆಯ ಪ್ರಮಾಣವಲ್ಲ.

ಉದಾಹರಣೆ: ನಾಲ್ಕು ಕೋಶಗಳಲ್ಲಿ ಎರಡು ನೆಲದವು, ಎರಡು ಕಡಲಿನವು ಎಂದುಕೊಳ್ಳೋಣ. ನೆಲದ ಕೋಶಗಳಲ್ಲಿ 80 ಮತ್ತು 100 ಮಿ.ಮೀ. ಮಳೆಯಾಗಿದ್ದರೆ ಸರಿಯಾದ ಸರಾಸರಿ 90 ಮಿ.ಮೀ. ಕಡಲ ಕೋಶಗಳನ್ನು ಸೊನ್ನೆಯೆಂದು ಎಣಿಸಿದರೆ ಅದು 45ಕ್ಕೆ ಇಳಿಯುತ್ತದೆ. -999 ಸೇರಿದರೆ ಸರಾಸರಿಯೇ ಋಣಸಂಖ್ಯೆಯಾಗುತ್ತದೆ.

ಮರೆಮಾಡುವ ಕ್ರಮ: ಆರ್ ಭಾಷೆಯ ಟೆರ್ರಾ ಪ್ಯಾಕೇಜಿನಲ್ಲಿ ಮೊದಲು -999 ಅನ್ನು ಎನ್‌ಎ (ಮೌಲ್ಯವಿಲ್ಲ) ಎಂದು ಬದಲಾಯಿಸಬೇಕು. ಅನಂತರ ಜಿಲ್ಲೆಯ ಗಡಿರೇಖೆಯೊಡನೆ ಮಾಸ್ಕ್ ಆದೇಶವನ್ನು ಬಳಸಿದರೆ ಹೊರಗಿನ ಕೋಶಗಳೂ ಎನ್‌ಎ ಆಗುತ್ತವೆ. ಕೇಂದ್ರವು ಗಡಿಯೊಳಗಿರುವ ಕೋಶಗಳನ್ನು ಮಾತ್ರ ಉಳಿಸಿದರೆ ಮಂಗಳೂರಿನ ಕಡಲಬದಿಯ ಕೋಶ ಕೈಬಿಟ್ಟುಹೋಗುತ್ತದೆ. ಗಡಿಯನ್ನು ಸ್ಪರ್ಶಿಸುವ ಕೋಶಗಳನ್ನೂ ಉಳಿಸಲು ಟಚಸ್ ಆಯ್ಕೆಯನ್ನು ಟ್ರೂ ಎಂದಿಡಬೇಕು. ಸರಾಸರಿ ತೆಗೆಯುವಾಗ ಎನ್‌ಎ ಕೋಶಗಳನ್ನು ಲೆಕ್ಕದಿಂದ ಬಿಡಬೇಕು.

ಮರೆ ತೆಗೆಯುವ ಕ್ರಮ: ಎನ್‌ಎ ಆದ ಕೋಶದಿಂದ ಹಳೆಯ ಮೌಲ್ಯವನ್ನು ಮರಳಿ ಪಡೆಯಲಾಗದು. ಆದುದರಿಂದ ಮರೆಮಾಡಿದ ಪದರವನ್ನು ಬೇರೆ ಹೆಸರಿನಲ್ಲಿ ಉಳಿಸಿ, ಮೂಲ ಕಡತವನ್ನು ಹಾಗೆಯೇ ಕಾಪಾಡಬೇಕು. ಮರೆ ತೆಗೆಯುವುದೆಂದರೆ ಆ ಮೂಲಕ್ಕೆ ಹಿಂದಿರುಗುವುದು. ಖಾಲಿ ಕೋಶಕ್ಕೆ ನೆರೆಯ ಕೋಶದ ಮೌಲ್ಯವನ್ನು ತುಂಬುವುದು ಅಂದಾಜು ಮಾತ್ರ. ಹಾಗೆ ಮಾಡಿದಲ್ಲಿ ನಕ್ಷೆಯಲ್ಲಿ ಸ್ಪಷ್ಟವಾಗಿ ನಮೂದಿಸಬೇಕು.

ರೈತ ಬಾಂಧವರ ಗಮನಕ್ಕೆ: ನಕ್ಷೆಯಲ್ಲಿ ಬಿಳಿಯಾಗಿ ಕಾಣುವ ಜಾಗವನ್ನು ಮಳೆಯಿಲ್ಲದ ಜಾಗವೆಂದು ಭಾವಿಸಬಾರದು, ಅಲ್ಲಿ ಅಳತೆಯೇ ಇಲ್ಲದಿರಬಹುದು. ಸಿಂಪರಣೆಯ ದಿನವನ್ನು ನಿಶ್ಚಯಿಸುವ ಮುನ್ನ ಸಮೀಪದ ಮಳೆಮಾಪಕದ ಅಳತೆಯೊಡನೆ ನಕ್ಷೆಯನ್ನು ಹೋಲಿಸಿ ನೋಡುವುದು ಸೂಕ್ತ.